ಅಂತರಗಂಗೆಯ ಕೋತಿಗಳನ್ನು ಕುಳಿತು ನೋಡುವ ಕ್ರಮ

ಕೋಲಾರದ ಅಂತರಗಂಗೆಗೆ ಹೋದವರಲ್ಲಿ ಹೆಚ್ಚಿನವರು ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು, ಕೋತಿಗಳಿಗೆ ಅಂಜಿ ಚೀಲವನ್ನು ಎದೆಗವಚಿಕೊಂಡು ಇಳಿದುಬಿಡುತ್ತಾರೆ. ಕೋತಿಯ ಬದುಕನ್ನು ಅರಿಯಬೇಕೆಂದಿದ್ದರೆ ಜನ ಸೇರುವ ಮುನ್ನವೇ, ತಿನ್ನುವ ಯಾವ ಪೊಟ್ಟಣವನ್ನೂ ಒಯ್ಯದೆ ಹೋಗಿ, ಮೆಟ್ಟಿಲುಗಳಿಂದ ತುಸು ದೂರದ ಬಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಬೇಕು.

ಮೊದಲು ನೆತ್ತಿಯನ್ನು ನೋಡಿ. ಅಲ್ಲಿನ ಕೂದಲು ನಡುವಿನಿಂದ ಸುತ್ತಲೂ ಹರಡಿ ಟೋಪಿಯಿಟ್ಟಂತೆ ಕಂಡರೆ ಅದು ಬಾನೆಟ್ ಮಕಾಕ್, ನಮ್ಮ ದಕ್ಷಿಣ ಭಾರತದ್ದೇ ಆದ ಕೋತಿ. ಮುಖ ಕಪ್ಪಗಿದ್ದು ಮೈ ಬೂದಿಬಣ್ಣದ್ದಾದರೆ ಅದು ಮುಸುವ.

ಆಮೇಲೆ ಕೆನ್ನೆಯತ್ತ ಗಮನವಿಡಿ. ಯಾರೋ ಚೆಲ್ಲಿಹೋದ ಕಡಲೆಕಾಯಿಯನ್ನು ಎಳೆಯ ಕೋತಿಯೊಂದು ಅಗಿಯದೆಯೇ ಗಬಗಬನೆ ಬಾಯಿಗೆ ತುಂಬಿಕೊಂಡು ಓಡುತ್ತದೆ. ಎರಡೂ ಕೆನ್ನೆಗಳು ಗಂಟುಕಟ್ಟಿದಂತೆ ಊದಿರುತ್ತವೆ. ದೊಡ್ಡವುಗಳ ಕಣ್ಣು ತಪ್ಪಿಸಿ ಕೊಂಬೆಯೇರಿದ ಮೇಲೆ, ಮುಂಗೈಯಿಂದ ಕೆನ್ನೆಯನ್ನು ಹೊರಗಿನಿಂದ ಒತ್ತಿ, ಒಂದೊಂದೇ ಕಾಯಿಯನ್ನು ಹಲ್ಲಿಗೆ ತಂದುಕೊಂಡು ನಿಧಾನವಾಗಿ ತಿನ್ನುತ್ತದೆ. ಎಲೆಯನ್ನೇ ಹೆಚ್ಚಾಗಿ ತಿನ್ನುವ ಮುಸುವನಿಗೆ ಈ ಕೆನ್ನೆಚೀಲವಿಲ್ಲ.

ಹಿಂಡಿನೊಳಗಿನ ಸಂಬಂಧ ತಿಳಿಯಲು ಯಾರು ಯಾರ ಮೈ ಹೆಕ್ಕುತ್ತಾರೆಂಬುದನ್ನು ಗುರುತು ಹಾಕಿಕೊಳ್ಳಿ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿದು ತಾಯಿಯ ಅಂತಸ್ತಿಗೆ ಹತ್ತಿರದ ಅಂತಸ್ತನ್ನು ಪಡೆಯುತ್ತವೆ. ಪ್ರಾಯಕ್ಕೆ ಬಂದ ಗಂಡುಗಳಲ್ಲಿ ಹಲವು ಬೇರೆ ಹಿಂಡನ್ನು ಹುಡುಕಿ ಹೊರಡುತ್ತವೆ. ಈ ಜಾತಿಯಲ್ಲಿ ದೊಡ್ಡ ಗಂಡುಗಳೂ ಪರಸ್ಪರ ತಬ್ಬಿಕೊಂಡು ಆಟವಾಡುವುದುಂಟು, ಅದನ್ನು ಜಗಳವೆಂದು ಬರೆದುಕೊಳ್ಳಬೇಡಿ. ಸುಮಾರು ಐದೂವರೆ ತಿಂಗಳ ಬಸಿರಿನ ನಂತರ ಸಾಮಾನ್ಯವಾಗಿ ಒಂದೇ ಮರಿ ಹುಟ್ಟುತ್ತದೆ. ಶಿವರಾತ್ರಿ ಯುಗಾದಿಗಳ ಆಸುಪಾಸಿನಲ್ಲಿ ಹೋದರೆ ತಾಯಿಯ ಹೊಟ್ಟೆಗಂಟಿದ ಕಪ್ಪು ಮೈಯ ಎಳೆಮರಿಗಳು ಕಂಡಾವು.

ಎಲ್ಲಕ್ಕಿಂತ ಮುಖ್ಯವಾದುದು ಮುಖವನ್ನು ಓದುವುದು. ಕೋತಿ ಹಲ್ಲು ಕಿರಿದರೆ ಅದು ನಗುವಲ್ಲ, ಹೆದರಿಕೆ ಅಥವಾ ಶರಣಾಗತಿ. ಹುಬ್ಬನ್ನು ಮೇಲೇರಿಸಿ, ಬಾಯಿ ತೆರೆದು, ನೆಟ್ಟ ನೋಟ ಬೀರಿದರೆ ಅದು ಬೆದರಿಕೆ. ಹಲ್ಲು ಕಿರಿದದ್ದನ್ನು ಕಂಡು ಫೋಟೊಗೆಂದು ಮಕ್ಕಳನ್ನು ಹತ್ತಿರ ನಿಲ್ಲಿಸುವವರನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ನೆಟ್ಟ ನೋಟಕ್ಕೆ ನೆಟ್ಟ ನೋಟದಿಂದ ಉತ್ತರಿಸದೆ, ಓಡದೆ, ಬರಿಗೈಯನ್ನು ತೋರಿಸುತ್ತ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅರಿಸಿನ ಮೆತ್ತುತ್ತ ಕೂರದೆ, ರೇಬೀಸ್ ಚುಚ್ಚುಮದ್ದಿಗಾಗಿ ಅಂದೇ ಆಸ್ಪತ್ರೆಗೆ ಹೋಗಿ.