1.018ರ ಕತ್ತಲೆ ತೊಟ್ಟಿ: ನನ್ನ ಬ್ಲೂ ಟ್ಯಾಂಗ್ ಮತ್ತೆ ಮೇವು ಮುಟ್ಟಿದ ಬಗೆ

ಹಳೆಯ ಅಕ್ವೇರಿಯಂ ಟ್ಯಾಂಕಿನಿಂದ ಹೊಸದಕ್ಕೆ ಬದಲಾಯಿಸಿದ ಮೂರನೆಯ ದಿನ ಬೆಳಿಗ್ಗೆ, ಬ್ಲೂ ಟ್ಯಾಂಗ್ ಎಂಬ ನನ್ನ ಸಮುದ್ರದ ಮೀನು ಲೈವ್ ರಾಕ್‌ನ (ಟ್ಯಾಂಕಿನಲ್ಲಿಡುವ ಸಮುದ್ರದ ಕಲ್ಲು) ಸಂದಿಯಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತ್ತು. ಈ ಜಾತಿಯ ಮೀನು ಹೆದರಿದಾಗ ಸತ್ತಂತೆ ಮಲಗುವ ನಾಟಕ ಸಾಕಿದವರಿಗೆಲ್ಲ ಗೊತ್ತಿರುವುದೇ ಆದ್ದರಿಂದ ಮೊದಲ ಎರಡು ದಿನ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಆ ಬೆಳಿಗ್ಗೆ ಕಂಡದ್ದು ನಾಟಕವಾಗಿರಲಿಲ್ಲ. ಗಾಢ ನೀಲಿ ಬಣ್ಣ ನೂರು ಸಲ ಒಗೆದ ಬಟ್ಟೆಯಂತೆ ಪೇಲವವಾಗಿತ್ತು, ರೆಕ್ಕೆಗಳು ಮೈಗಂಟಿದ್ದವು, ಪಕ್ಕೆಗಳು ಒಳಸೇದಿಕೊಂಡಿದ್ದವು, ಕಿವಿರು ನಿಮಿಷಕ್ಕೆ ಹೆಚ್ಚುಕಡಿಮೆ 150 ಸಲ ಬಡಿಯುತ್ತಿತ್ತು. ಎರಡು ದಿನಗಳಿಂದ ಅದು ತನ್ನ ಮೇವಾದ ನೋರಿ ಎಂಬ ಒಣ ಕಡಲಪಾಚಿಯ ಒಂದು ಚೂರನ್ನೂ ಮುಟ್ಟಿರಲಿಲ್ಲ.

ಸಮುದ್ರದ ಮೀನು ಸಾಕುವ ನಮ್ಮ ಬಳಗದ ಹಳಬರನ್ನು ಕೇಳಿದೆ. ಒಬ್ಬರು ಇಕ್ (ಪರಾವಲಂಬಿ ಜೀವಿಯಿಂದ ಬರುವ ಬಿಳಿಚುಕ್ಕೆ ರೋಗ) ಶುರುವಾಗಿರಬೇಕು, ತಡಮಾಡದೆ ಕಾಪರ್, ಅಂದರೆ ತಾಮ್ರದ ಔಷಧಿ, ಹಾಕಿ ಎಂದರು. ಇನ್ನೊಬ್ಬರು ಹೊಸ ಟ್ಯಾಂಕಿನಿಂದ ಮೀನನ್ನು ಹೊರತೆಗೆಯಲೇಬೇಡಿ, ಮತ್ತೆ ಹಿಡಿಯುವ ಗಾಬರಿಯಲ್ಲೇ ಅದು ಸಾಯುತ್ತದೆ ಎಂದರು. ನಾನು ಮಾಡಹೊರಟದ್ದನ್ನು, ಅಂದರೆ ಉಪ್ಪಿನಂಶವನ್ನು 1.018ಕ್ಕೆ (ಸಿಹಿನೀರನ್ನು 1.000 ಎಂದು ಹಿಡಿಯುವ ಸಾಂದ್ರತೆಯ ಲೆಕ್ಕದಲ್ಲಿ) ಇಳಿಸಿದ ನೀರಿನಲ್ಲಿ, ಕತ್ತಲಲ್ಲಿ, ಯಾವ ಔಷಧಿಯೂ ಇಲ್ಲದೆ ಮೀನನ್ನು ಸುಮ್ಮನೆ ಬಿಡುವುದನ್ನು ಕೇಳಿ ಇಬ್ಬರೂ ನಕ್ಕರು. ಅದಾಗಿ ಈಗ ಹದಿನಾಲ್ಕು ತಿಂಗಳಾಗಿದೆ. ಮೀನು ಅಂಗೈಯಷ್ಟು ಅಗಲವಾಗಿದೆ. ಆದ್ದರಿಂದ ಈ ಬರಹದಲ್ಲಿ ಸ್ವಲ್ಪ ಜಂಬ ಇಣುಕಿದರೆ ಓದುಗರು ಸಹಿಸಿಕೊಳ್ಳಬೇಕು.

ಜಂಬಕ್ಕೆ ಮೊದಲು ನನ್ನ ಕೈಯಲ್ಲಾದ ಎರಡು ಸಾವುಗಳ ಲೆಕ್ಕ ಒಪ್ಪಿಸುವುದು ನ್ಯಾಯ. ಮೊದಲನೆಯದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಎಂಬ ಮೀನು. 120 ಲೀಟರ್ ಟ್ಯಾಂಕಿನಿಂದ 200 ಲೀಟರಿನದಕ್ಕೆ ಹೋದಾಗ, ಎರಡೂ ಆ ಮೀನಿಗೆ ಸಣ್ಣವೇ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ, ಅದನ್ನು ಮುಚ್ಚಳವಿದ್ದ ಬಕೆಟ್ಟಿನಲ್ಲಿ ಆರು ಗಂಟೆ ಇಟ್ಟಿದ್ದೆ. ಆಮೇಲೆ ಪುಸ್ತಕದ ಪ್ರಕಾರ ಎಂಬ ಹೆಮ್ಮೆಯಲ್ಲಿ ಗಾಳಿಗುಳ್ಳೆ ಹೊರಡಿಸುವ ಏರ್ ಸ್ಟೋನ್ ಹಾಕಿ, ಎರಡು ಗಂಟೆ ಹನಿಹನಿಯಾಗಿ ಹೊಸ ನೀರು ಇಳಿಸಿದೆ. ಮುಚ್ಚಿದ ಬಕೆಟ್ಟಿನಲ್ಲಿ ಮೀನಿನ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಮೀನಿನ ವಿಸರ್ಜನೆಯಿಂದ ಶೇಖರವಾದ ಅಮೋನಿಯ ಅಷ್ಟಾಗಿ ಕಚ್ಚುವುದಿಲ್ಲ. ಗಾಳಿ ಆಡಿಸಿ ಪಿಎಚ್ ಏರಿಸಿದೊಡನೆ ಅದೇ ಅಮೋನಿಯ ವಿಷವಾಗುತ್ತದೆ. ಆ ವಿಷದಲ್ಲಿ ನಾನು ಅದನ್ನು ಎರಡು ಗಂಟೆ ಅದ್ದಿಟ್ಟಿದ್ದೆ. ರಾತ್ರಿ ಹತ್ತಕ್ಕೆ ಅದು ಹೋಯಿತು.

ಎರಡನೆಯದು ಪೌಡರ್ ಬ್ಲೂ ಟ್ಯಾಂಗ್. ಟ್ಯಾಂಕ್ ಸೋರಿದ್ದರಿಂದ ಅವಸರದಲ್ಲಿ ಬದಲಾಯಿಸಬೇಕಾಯಿತು. ಮರುದಿನ ಮೈಮೇಲೆ ಬಿಳಿ ಚುಕ್ಕೆ ಕಂಡಿತೆಂದು ಕ್ವಾರಂಟೈನ್ ಟ್ಯಾಂಕಿಗೆ ಪೂರ್ತಿ ಪ್ರಮಾಣದ ಕಾಪರ್ ಒಂದೇ ಸಲಕ್ಕೆ ಹಾಕಿದೆ. ಸಂಜೆ ಅಮೋನಿಯ ಬಣ್ಣ ತೋರಿಸಿತೆಂದು ಅದರ ಮೇಲೆ ಅಮೋನಿಯ ಕಟ್ಟುವ ದ್ರಾವಣವನ್ನೂ ಸುರಿದೆ. ಈ ಎರಡನ್ನು ಬೆರೆಸಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸಿರುತ್ತಾರೆ, ಏಕೆಂದರೆ ಆ ದ್ರಾವಣಗಳು ತಾಮ್ರವನ್ನು ಇನ್ನಷ್ಟು ವಿಷಕಾರಿ ರೂಪಕ್ಕೆ ತಿರುಗಿಸಬಲ್ಲವು. ನಾನು ಅದನ್ನು ಓದಿದ್ದು ಮೀನು ಸತ್ತ ಮೇಲೆ. ಹದಿನೆಂಟು ಗಂಟೆಯೂ ಹಿಡಿಯಲಿಲ್ಲ.

ಈ ಎರಡು ಸಾವುಗಳ ನಡುವೆ ಔಷಧಿ, ಟೆಸ್ಟ್ ಕಿಟ್, ಒಂದು ಯುವಿ ದೀಪ ಮತ್ತು ನೊರೆಯಲ್ಲಿ ಕೊಳೆ ತೆಗೆಯುವ ದೊಡ್ಡ ಸ್ಕಿಮ್ಮರ್ ಎಂದು ನಾನು ಖರ್ಚು ಮಾಡಿದ್ದು ಎರಡೂ ಮೀನುಗಳ ಬೆಲೆಯ ನಾಲ್ಕು ಪಟ್ಟಾದರೂ ಇದ್ದೀತು. ಯುವಿ ದೀಪ ಈಗ ಪೆಟ್ಟಿಗೆಯಲ್ಲಿ ಧೂಳು ಹಿಡಿಯುತ್ತಿದೆ. ಮುಂದೆ ಹೇಳಲಿರುವ ಏರ್ಪಾಡಿಗೆ ಆದ ಖರ್ಚು ಒಂದು ಬ್ಲೂ ಟ್ಯಾಂಗ್ ಬೆಲೆಯ ಕಾಲು ಭಾಗ ಮಾತ್ರ, ಅದರಲ್ಲಿಯೂ ಹೆಚ್ಚಿನದು ಹೀಟರಿಗೇ ಹೋಯಿತು.

ಮೂರನೆಯ ಸಲ ನಾನು ಮೊದಲು ಮಾಡಿದ್ದು ಚಿಕಿತ್ಸೆಯನ್ನಲ್ಲ, ಅಳತೆಯನ್ನು. ಹೊಸ 450 ಲೀಟರ್ ಟ್ಯಾಂಕಿನಲ್ಲಿ ಅಮೋನಿಯ 0.25ರ ಆಸುಪಾಸಿನಲ್ಲಿತ್ತು, ಒಳ್ಳೆಯದಲ್ಲ, ಆದರೆ ಅದೊಂದೇ ಮೀನನ್ನು ಹೀಗೆ ಮಲಗಿಸುವಷ್ಟೂ ಅಲ್ಲ. ಉಷ್ಣತೆ 25.5, ಪಿಎಚ್ 8.1, ಉಪ್ಪು ರಿಫ್ರಾಕ್ಟೋಮೀಟರಿನಲ್ಲಿ (ಬೆಳಕು ಬಾಗುವುದರಿಂದ ಉಪ್ಪನ್ನು ಅಳೆಯುವ ಉಪಕರಣ) 1.026. ಎಲ್ಲವೂ ಸರಿಯಾಗಿಯೇ ಇತ್ತು. ಅದೃಷ್ಟಕ್ಕೆ ಹಳೆಯ ಟ್ಯಾಂಕಿನ ನೀರು ಒಂದು ಕ್ಯಾನಿನಲ್ಲಿ ಉಳಿದಿತ್ತು. ಅದರದೊಂದು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿಗೆ ಹಾಕಿ ನೋಡಿದರೆ 1.021! ವರ್ಷಗಟ್ಟಲೆ ನಾನು ಆ ನೀರನ್ನು 1.025 ಎಂದು ನಂಬಿದ್ದೆ, ಏಕೆಂದರೆ ಅಲ್ಲಿ ಅಳೆಯುತ್ತಿದ್ದದ್ದು ಮುಳ್ಳಾಡುವ ಹಳೆಯ ಹೈಡ್ರೋಮೀಟರ್. ಅದಕ್ಕೂ ಅದೇ ನೀರು ತುಂಬಿ ಬೆಳಕಿಗೆ ಹಿಡಿದೆ. ಮುಳ್ಳಿನ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕ ಮೂರು ಗಾಳಿಗುಳ್ಳೆಗಳು ಕೂತು ಅದನ್ನು ಮೇಲಕ್ಕೆತ್ತಿದ್ದವು. ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಬಿಡಿಸಿದಾಗ ಮುಳ್ಳು 1.022ಕ್ಕೆ ಬಂದು ನಿಂತಿತು.

ಅಂದರೆ ಮೀನು ಒಂದೇ ಮಧ್ಯಾಹ್ನದಲ್ಲಿ 0.005ರಷ್ಟು ಮೇಲಕ್ಕೆ ಹಾರಿತ್ತು. ಸಮುದ್ರದ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ತುಂಬ ಸಪ್ಪೆ, ಹೊರಗೆ ಉಪ್ಪು ಹೆಚ್ಚಿದಷ್ಟೂ ಅದರ ಮೈಯಿಂದ ನೀರು ಸೋರುತ್ತದೆ. ಒಳಸೇದಿದ ಪಕ್ಕೆಗೆ ಅರ್ಥ ಸಿಕ್ಕಿತು. ಇದು ಆ ಕ್ಷಣಕ್ಕೇ ಕಾಣುವ ಪೆಟ್ಟಲ್ಲ, ಎರಡು ಮೂರು ದಿನ ಕಳೆದ ಮೇಲೆ ತೋರುತ್ತದೆ. ಅಷ್ಟರಲ್ಲಿ ನಾವು ಇಕ್ ಎಂದೋ ಹೆದರಿಕೆ ಎಂದೋ ಹೆಸರಿಟ್ಟು ಔಷಧಿ ಸುರಿಯಲು ಶುರುಮಾಡಿರುತ್ತೇವೆ. ನನ್ನ ಪೌಡರ್ ಬ್ಲೂಗೂ ಇದೇ ಆಗಿತ್ತೋ ಏನೋ ಎಂಬ ಅನುಮಾನ ಈಗಲೂ ಕಾಡುತ್ತದೆ.

ಉಪ್ಪು ಏರಿಸುವಾಗ ನಿಧಾನವೇ ಪ್ರಧಾನ, ಆದರೆ ಇಳಿಸುವುದನ್ನು ಮೀನು ಸುಲಭವಾಗಿ ತಾಳಿಕೊಳ್ಳುತ್ತದೆ. ಈ ಒಂದು ಅಂಶದ ಮೇಲೆಯೇ ನನ್ನ ಇಡೀ ಏರ್ಪಾಡು ನಿಂತಿತ್ತು. ಸುಮಾರು 60 ಲೀಟರ್ ಹಿಡಿಸುವ, ಬೆಳಕು ಹಾಯದ ಗಟ್ಟಿ ಬಣ್ಣದ ಪ್ಲಾಸ್ಟಿಕ್ ತೊಟ್ಟಿಯನ್ನು ತೆಗೆದುಕೊಂಡೆ. ಗಾಜಿನ ತೊಟ್ಟಿಗೆ ಸುತ್ತ ಕಾಗದ ಅಂಟಿಸಿದರೆ ಒಳಮೈ ಕನ್ನಡಿಯಾಗಿ ಮೀನು ತನ್ನ ನೆರಳಿಗೇ ಬೆದರುತ್ತದೆ; ಇದನ್ನು ಕಲಿಯಲು ಹಿಂದೆ ಒಂದು ಕ್ಲೌನ್‌ಫಿಶ್ ಸಾಕಾಗಿತ್ತು. ನೀರು ಬದಲಿಸಲೆಂದು ಹಿಂದಿನ ದಿನವೇ ಕಲಸಿಟ್ಟಿದ್ದ ಉಪ್ಪುನೀರು 42 ಲೀಟರ್, ಆರ್‌ಓ ನೀರು 18 ಲೀಟರ್ ಬೆರೆಸಿದಾಗ 1.018 ಬಂತು. ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಾದ ಸಂಪಿನಲ್ಲಿ, ಅಮೋನಿಯ ತಿನ್ನುವ ಬ್ಯಾಕ್ಟೀರಿಯ ನೆಲೆಸಲೆಂದು ಒಂದೂವರೆ ತಿಂಗಳಿಂದ ಪಕ್ವವಾಗುತ್ತಿದ್ದ ಸ್ಪಂಜ್ ಫಿಲ್ಟರನ್ನು ಹಿಂಡದೆ ಹಾಗೆಯೇ ತಂದಿಟ್ಟೆ. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡೆರಡು, ಏರ್ ಸ್ಟೋನ್, ಹೀಟರ್, ಮೇಲೊಂದು ಸಡಿಲ ಮುಚ್ಚಳ. ಮರಳಿಲ್ಲ, ಕಲ್ಲಿಲ್ಲ, ದೀಪವಿಲ್ಲ.

ಇಲ್ಲೊಂದು ಎಡವಟ್ಟನ್ನೂ ಹೇಳಿಬಿಡಬೇಕು. ಆರ್‌ಓ ನೀರು ಬೆರೆಸಿದಾಗ ಉಪ್ಪಿನ ಜೊತೆ ಕ್ಷಾರೀಯತೆಯೂ ಇಳಿಯುತ್ತದೆ ಎಂಬುದು ನನಗೆ ಹೊಳೆದದ್ದು ಪಿಎಚ್ 7.8ಕ್ಕೆ ಜಾರಿದ್ದನ್ನು ಕಂಡಾಗ. ಕ್ಷಾರೀಯತೆ ಅದರ ಅಳತೆಯಾದ ಡಿಕೆಎಚ್‌ನಲ್ಲಿ 8.5 ಇದ್ದದ್ದು 6ಕ್ಕೆ ಇಳಿದಿತ್ತು. ಮೂರೂವರೆ ಗ್ರಾಂನಷ್ಟು ಅಡಿಗೆ ಸೋಡಾವನ್ನು ಲೋಟದಲ್ಲಿ ಕದಡಿ, ಮೂರು ಕಂತಿನಲ್ಲಿ ಹಾಕಿ ಸರಿಪಡಿಸಿದೆ. ಮೀನನ್ನು ಬಿಟ್ಟದ್ದು ಆಮೇಲೆಯೇ.

ಹಿಡಿಯುವಾಗ ಬಲೆ ಬಳಸಲಿಲ್ಲ. ಟ್ಯಾಂಗ್‌ನ ಬಾಲದ ಬುಡದಲ್ಲಿರುವ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಚರ್ಮ ಹರಿಯುತ್ತದೆ. ದೀಪ ಆರಿಸಿ ಒಂದು ಗಂಟೆಯ ನಂತರ ಪಾರದರ್ಶಕ ಡಬ್ಬಿಯನ್ನು ಸಂದಿಯ ಬಾಯಿಗೆ ಹಿಡಿದು, ಹಿಂದಿನಿಂದ ಕೊಳವೆಯಲ್ಲಿ ಮೆಲ್ಲಗೆ ನೀರೂದಿದೆ. ಅದು ತಾನಾಗಿ ಡಬ್ಬಿಯೊಳಕ್ಕೆ ಜಾರಿತು. ಡಬ್ಬಿಯ ನೀರನ್ನು ಕಾಲು ಗಂಟೆಯಲ್ಲಿ ಮೂರು ಸಲ ಅರ್ಧರ್ಧ ಬದಲಿಸಿ ತೊಟ್ಟಿಗೆ ಬಿಟ್ಟೆ. ಅದು ನೇರವಾಗಿ ಪೈಪಿನೊಳಗೆ ಹೋಗಿ ಸೇರಿಕೊಂಡಿತು. ಆ ರಾತ್ರಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸವೆಂದರೆ ಮುಚ್ಚಳ ತೆಗೆದು ನೋಡದೆ ಇದ್ದದ್ದು.

ಮರುದಿನದಿಂದ ದಿನಕ್ಕೆ ಎರಡೇ ಸಲ ನೋಟ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಹದಿನೈದು ಸೆಕೆಂಡು ಕಿವಿರು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಕೆಂಪು ಬೆಳಕಿಗೆ ಅದು ಅಷ್ಟಾಗಿ ಬೆದರಲಿಲ್ಲ. ಬರೆದಿಟ್ಟ ಹಾಳೆ ನೀರಿಗೆ ಬಿದ್ದು ಹೋಯಿತು, ನೆನಪಿನ ಪ್ರಕಾರ ಎರಡನೆಯ ದಿನ 130, ನಾಲ್ಕನೆಯ ದಿನ 100ರ ಹತ್ತಿರ, ವಾರದ ಕೊನೆಗೆ 80ರಿಂದ 85. ದಿನವೂ ಅಮೋನಿಯ ನೋಡಿ, 1.018ರ ನೀರನ್ನೇ 10 ಲೀಟರ್ ಬದಲಿಸುತ್ತಿದ್ದೆ, ಏಕೆಂದರೆ ಉಪ್ಪು ತಟ್ಟನೆ ಇಳಿದಾಗ ಸ್ಪಂಜಿನ ಬ್ಯಾಕ್ಟೀರಿಯಗಳೂ ಮಂಕಾಗುತ್ತವೆ.

ಎರಡನೆಯ ರಾತ್ರಿ ಎದೆ ಧಸಕ್ಕೆಂದಿತು. ಎದೆರೆಕ್ಕೆಯ ಬಳಿ ನಾಲ್ಕೈದು ಬಿಳಿ ಚುಕ್ಕೆಗಳಿದ್ದವು. ಕಾಪರ್ ಬಾಟಲಿ ಕೈಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನೋಡುತ್ತಿದ್ದಂತೆಯೇ ಮೀನು ಮೈ ಕೊಡವಿತು, ಎರಡು ಚುಕ್ಕೆ ಉದುರಿ ತೊಟ್ಟಿಯ ತಳಕ್ಕೆ ಹೋದವು. ಲೋಳೆಗೆ ಅಂಟಿಕೊಂಡು ಬಂದಿದ್ದ ಹೊಸ ಟ್ಯಾಂಕಿನ ಮರಳು! ನಿಜವಾದ ಇಕ್ ಆಗಿದ್ದರೆ ನನ್ನ 1.018 ಯಾವ ಕೆಲಸಕ್ಕೂ ಬರುತ್ತಿರಲಿಲ್ಲ, ಅದಕ್ಕೆ 1.009ಕ್ಕೆ ಇಳಿಸಿ ವಾರಗಟ್ಟಲೆ ಹಿಡಿಯಬೇಕು, ಇಲ್ಲವೇ ಅಳತೆ ತಪ್ಪದ ಕಾಪರ್ ಬೇಕು, ಜೊತೆಗೆ ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಬಿಡಬೇಕು. ನನ್ನ ವಿಧಾನ ದಣಿದ ಮೀನಿಗೆ, ರೋಗದ ಮೀನಿಗಲ್ಲ. ಈ ವ್ಯತ್ಯಾಸ ನೋಡದೆ ಇದನ್ನು ಮಾಡಿ ನನ್ನನ್ನು ಬೈಯಬಾರದು.

ಮೂರನೆಯ ಸಂಜೆ, ಹಿಂದಿನ ದಿನ ಮೊಟ್ಟೆಯೊಡೆಸಿದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ಒಂದು ಚಮಚದಷ್ಟು ಬಿಟ್ಟೆ. ಟ್ಯಾಂಗ್‌ಗೆ ಅವು ಧೂಳಿನಷ್ಟು ಚಿಕ್ಕವು, ಹೊಟ್ಟೆ ತುಂಬಿಸಲು ಬಿಟ್ಟದ್ದಲ್ಲ. ಏನೋ ಅಲುಗಾಡುತ್ತಿದೆ ಎಂಬುದಷ್ಟೇ ಅದಕ್ಕೆ ಕಾಣಲಿ ಎಂದು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪೈಪಿನ ಬಾಯಲ್ಲಿ ಹಳದಿ ಬಾಲ ಕಂಡು, ತಿರುಗಿ, ಮೂತಿ ಹೊರಬಂತು. ಒಂದು ಸಲ ಕಚ್ಚಿ ಉಗುಳಿತು, ಮತ್ತೆ ಕಚ್ಚಿತು, ಈ ಸಲ ಉಗುಳಲಿಲ್ಲ. ನಾಲ್ಕನೆಯ ದಿನ ದೊಡ್ಡ ಬ್ರೈನ್ ಶ್ರಿಂಪ್, ಐದನೆಯ ದಿನ ಮೈಸಿಸ್ ಎಂಬ ಸೀಗಡಿಯಂಥದೇ ಮೇವು, ಆರನೆಯ ದಿನ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ನೋರಿ. ಆ ನೋರಿಯನ್ನು ನಾನು ಯಾವುದರಲ್ಲಿ ನೆನೆಸಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ತಲೆ ಕೆರೆದುಕೊಂಡು ಕಂಡುಕೊಂಡದ್ದನ್ನು ಇಷ್ಟು ಬೇಗ ಬಿಟ್ಟುಕೊಡುವ ಮನಸ್ಸಿಲ್ಲ. ಬೆಳ್ಳುಳ್ಳಿ ರಸವಲ್ಲ ಎಂದು ಮಾತ್ರ ಹೇಳಬಲ್ಲೆ. ಅದನ್ನೂ ಪರೀಕ್ಷಿಸಿದ್ದೇನೆ: ಮೀನು ಚೇತರಿಸಿಕೊಂಡ ಮೇಲೆ ಎರಡು ಕಲ್ಲು, ಒಂದಕ್ಕೆ ಬೆಳ್ಳುಳ್ಳಿ ಹಚ್ಚಿದ ನೋರಿ, ಇನ್ನೊಂದಕ್ಕೆ ಬರಿಯದು, ಆರು ದಿನ ಜಾಗ ಅದಲುಬದಲು ಮಾಡುತ್ತ ಇಟ್ಟೆ. ಅದು ನಾಲ್ಕು ದಿನ ಮೊದಲು ಮುಟ್ಟಿದ್ದು ಬರಿಯದನ್ನೇ. ಒಂದೇ ಮೀನಿನ ಸಾಕ್ಷ್ಯ ದೊಡ್ಡದಲ್ಲ, ಆದರೂ ನಾನು ಬೆಳ್ಳುಳ್ಳಿ ಅರೆಯುವುದನ್ನು ಬಿಟ್ಟೆ.

ಏಳನೆಯ ದಿನದಿಂದ ಉಪ್ಪು ಏರಿಸತೊಡಗಿದೆ. ದಿನಕ್ಕೆ 5 ಲೀಟರ್ ತೆಗೆದು, ಸುಮಾರು 1.033ಕ್ಕೆ ಕಲಸಿದ ಗಟ್ಟಿ ನೀರನ್ನು ಏರ್ ಸ್ಟೋನಿನ ಗುಳ್ಳೆಗಳ ಮೇಲೆ ನೂಲಿನಂತೆ ಒಂದು ಗಂಟೆ ಇಳಿಸಿದರೆ 60 ಲೀಟರಿನಲ್ಲಿ ಹೆಚ್ಚುಕಡಿಮೆ 0.001 ಏರುತ್ತದೆ. ನಡುವೆ ಒಂದು ದಿನ ಅದು ಮೇವು ಬಿಟ್ಟಿತು, ಆ ದಿನ ಏರಿಸಲಿಲ್ಲ. 1.025 ತಲುಪಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ದೊಡ್ಡ ಟ್ಯಾಂಕಿನ ಅಮೋನಿಯವೂ ಸೊನ್ನೆಗೆ ಬಂದಿತ್ತು.

ಉಳಿದ ತೊಡಕೆಂದರೆ ಅಲ್ಲಿದ್ದ ಹಳದಿ ಟ್ಯಾಂಗ್. ಎರಡು ವಾರ ಇಡೀ ಟ್ಯಾಂಕನ್ನು ಒಬ್ಬನೇ ಆಳಿದ ಅದು ಹಿಂತಿರುಗಿದವನನ್ನು ಹೊಸಬನೆಂದೇ ತಿಳಿಯಿತು. ಬ್ಲೂ ಟ್ಯಾಂಗನ್ನು ರಂಧ್ರಗಳಿದ್ದ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮೂರು ದಿನ ಟ್ಯಾಂಕಿನೊಳಗೇ ತೂಗುಹಾಕಿ, ಬಿಡುವ ದಿನ ಎದುರು ಬದಿಯ ಗಾಜಿಗೆ ಹೊರಗಿನಿಂದ ಒಂದು ಕನ್ನಡಿ ಅಂಟಿಸಿದೆ. ಹಳದಿ ಮಹಾಶಯ ಸಂಜೆಯವರೆಗೆ ತನ್ನ ಪ್ರತಿಬಿಂಬದೊಂದಿಗೇ ಕಾದಾಡಿ ಸುಸ್ತಾಯಿತು, ಅಷ್ಟರಲ್ಲಿ ನೀಲಿ ತನ್ನ ಹಳೆಯ ಸಂದಿಯನ್ನು ಹಿಡಿದಾಗಿತ್ತು. ಕನ್ನಡಿಯನ್ನು ಯಾವಾಗ ತೆಗೆಯಬೇಕು ಎಂಬುದರಲ್ಲಿಯೂ ಒಂದು ಗುಟ್ಟಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗಲೂ ದೀಪ ಆರಿದ ಮೇಲೆ ಅದು ಅದೇ ಸಂದಿಯಲ್ಲಿ ಮಗ್ಗುಲಾಗಿ ಮಲಗುತ್ತದೆ. ನಾನು ಟಾರ್ಚ್ ಹಿಡಿದು ಕಿವಿರು ಎಣಿಸುತ್ತೇನೆ, 80 ಇದ್ದರೆ ಹೋಗಿ ಮಲಗುತ್ತೇನೆ. ಕಾಪರ್ ಹಾಕಿ ಎಂದಿದ್ದವರು ಕಳೆದ ತಿಂಗಳು ತಮ್ಮ ಟ್ಯಾಂಕ್ ಬದಲಾಯಿಸುವ ಮುನ್ನ ಬಂದು, ತೊಟ್ಟಿಯನ್ನೂ ಸಂಪಿನಲ್ಲಿದ್ದ ಸ್ಪಂಜನ್ನೂ ಕೇಳಿ ಪಡೆದುಕೊಂಡು ಹೋದರು. ಜೊತೆಗೆ ಅವರ ಹೈಡ್ರೋಮೀಟರನ್ನೂ ತಂದಿದ್ದರು. ನನ್ನ ರಿಫ್ರಾಕ್ಟೋಮೀಟರಿನ ಪಕ್ಕದಲ್ಲಿಟ್ಟು ನೋಡಿದಾಗ ಅದು 0.003 ಹೆಚ್ಚು ತೋರಿಸುತ್ತಿತ್ತು.