ವಿದೇಶದ ಗ್ಯಾಲರಿಯಲ್ಲಿ ನಮ್ಮ ಹುಡುಗಿಯರ ಬೆನ್ನಿಗೆ: ಮಂಗಳೂರು, ಉಡುಪಿಯಿಂದ ಹೊರಡುವವರಿಗೆ

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ತಂಡ ಆತಿಥೇಯರನ್ನೇ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಇಂಥ ಅರ್ಹತಾ ಪಂದ್ಯಗಳಲ್ಲಿ ಗ್ಯಾಲರಿ ತುಂಬುವುದು ಅಪರೂಪ. ಹತ್ತು ಮಂದಿ ಒಂದೇ ಸ್ವರದಲ್ಲಿ ಕರೆದರೆ ಮೈದಾನದಲ್ಲಿರುವವರ ಕಿವಿಗೆ ನೇರ ಬೀಳುತ್ತದೆ. ಪುರುಷರ ತಂಡದ ದೊಡ್ಡ ಪಂದ್ಯದಲ್ಲಿ ಹತ್ತು ಮಂದಿಯ ಕೂಗು ಎಲ್ಲಿ ಹೋಯಿತೆಂದೇ ತಿಳಿಯದು; ಇಲ್ಲಿ ಅದಕ್ಕೆ ಬೆಲೆಯಿದೆ.

ಹಾಗಾಗಿ ಕೆಳಗೆ ಹೇಳುವ ಎಲ್ಲ ತಯಾರಿಯ ಗುರಿ ಒಂದೇ. ಪಂದ್ಯ ಶುರುವಾಗುವ ಮುಕ್ಕಾಲು ಗಂಟೆ ಮೊದಲು, ತಂಡ ವಾರ್ಮ್‌ಅಪ್‌ಗೆ ಇಳಿಯುವಾಗ, ನೀವು ಬ್ಯಾನರ್ ಕಟ್ಟಿ ಸೀಟಿನಲ್ಲಿರಬೇಕು. ಆಟಗಾರ್ತಿಯರು ಗ್ಯಾಲರಿಯತ್ತ ಕಣ್ಣು ಹಾಯಿಸುವುದು ಆ ಹೊತ್ತಿನಲ್ಲಿ.

ಯಾವ ಪಂದ್ಯಕ್ಕೆ ಹೋಗುವುದು

ಅಂತರರಾಷ್ಟ್ರೀಯ ಮಹಿಳಾ ಪಂದ್ಯಗಳಿಗೆ ಫಿಫಾ ಮೊದಲೇ ದಿನಗಳನ್ನು ಗೊತ್ತುಮಾಡಿರುತ್ತದೆ. ಆದರೆ ಆ ದಿನಗಳಲ್ಲಿ ಭಾರತ ಯಾರ ಮೇಲೆ, ಎಲ್ಲಿ ಆಡುತ್ತದೆ ಎಂಬುದು ಸ್ನೇಹಪಂದ್ಯಗಳ ಮಟ್ಟಿಗೆ ತೀರಾ ತಡವಾಗಿ ತಿಳಿಯಬಹುದು. ಮೊದಲ ಪ್ರವಾಸಕ್ಕೆ ಸ್ನೇಹಪಂದ್ಯ ಬೇಡ, ಟೂರ್ನಿ ಆರಿಸಿಕೊಳ್ಳಿ. ಅಲ್ಲಿ ಡ್ರಾ (ಯಾವ ತಂಡ ಯಾವ ಗುಂಪಿನಲ್ಲಿ ಎಂದು ಚೀಟಿ ಎತ್ತುವುದು) ಆದ ಕೂಡಲೇ ಊರು, ದಿನ ಎರಡೂ ಗೊತ್ತಾಗುತ್ತವೆ, ಒಂದೇ ಖರ್ಚಿನಲ್ಲಿ ಎರಡು ಮೂರು ಪಂದ್ಯ ಸಿಗುತ್ತವೆ.

ಹೊಸಬರಿಗೆ ಎಲ್ಲಕ್ಕಿಂತ ಸುಲಭ ಕಠ್ಮಂಡು. 2022 ಮತ್ತು 2024ರ ಸಾಫ್ (ದಕ್ಷಿಣ ಏಷ್ಯಾ) ಮಹಿಳಾ ಚಾಂಪಿಯನ್‌ಷಿಪ್ ಎರಡೂ ಅಲ್ಲಿಯ ದಶರಥ ರಂಗಶಾಲೆಯಲ್ಲೇ ನಡೆದವು. ವೀಸಾ ಬೇಡ, ಹಿಂದಿ ನಡೆಯುತ್ತದೆ, ಅನ್ನ ಸಾರಿಗೆ ಕೊರತೆಯಿಲ್ಲ. ಆಗ್ನೇಯ ಏಷ್ಯಾ ಎರಡನೇ ಮೆಟ್ಟಿಲು, ಆಸ್ಟ್ರೇಲಿಯಾದಂಥ ದೂರದ ದೇಶ ಮೂರನೆಯದು.

ಟಿಕೆಟ್ ತೆಗೆಯುವ ಮೊದಲು ನಕ್ಷೆ ತೆರೆದು ನೋಡಿ. ಆಸ್ಟ್ರೇಲಿಯಾದಲ್ಲಿನ 2026ರ ಮಾರ್ಚ್‌ನ ಏಷ್ಯನ್ ಕಪ್‌ನಲ್ಲಿ ಭಾರತದ ಗುಂಪಿನ ಪಂದ್ಯಗಳಿಗೆ ಗೊತ್ತುಮಾಡಿದ ದಿನಗಳು ಹೀಗಿದ್ದವು: ವಿಯೆಟ್ನಾಂ ಮೇಲೆ 4ರಂದು, ಜಪಾನ್ ಮೇಲೆ 7ರಂದು, ಎರಡೂ ಪರ್ತ್‌ನಲ್ಲಿ, ಚೈನೀಸ್ ತೈಪೆ ಮೇಲೆ 10ರಂದು ಸಿಡ್ನಿಯ ಪರಮಟ್ಟದಲ್ಲಿ. ಪರ್ತ್‌ನಿಂದ ಸಿಡ್ನಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ನಾಲ್ಕು ಗಂಟೆಗೂ ಮೀರಿದ ವಿಮಾನಯಾನ, ಮಾರ್ಚ್ ಮೊದಲಲ್ಲಿ ಮೂರು ಗಂಟೆಯ ಸಮಯ ವ್ಯತ್ಯಾಸ. ಆಸ್ಟ್ರೇಲಿಯಾ ಎಂದಷ್ಟೇ ನೋಡಿ ಸಿಡ್ನಿಗೆ ಹೋಗಿ ಬರುವ ಟಿಕೆಟ್ ತೆಗೆದವರಿಗೆ ಮೂರರಲ್ಲಿ ಒಂದೇ ಪಂದ್ಯ. ಇಂಥಲ್ಲಿ ಒಂದು ಊರಿಗೆ ಇಳಿದು ಇನ್ನೊಂದು ಊರಿನಿಂದ ಮರಳುವ ಟಿಕೆಟ್ ತೆಗೆಯಿರಿ.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಇವತ್ತೇ ಅರ್ಜಿ ಹಾಕಿ. ಮಂಗಳೂರಿನಲ್ಲಿ ಸೇವಾ ಕೇಂದ್ರವಿದೆ, ಉಡುಪಿಯವರಿಗೆ ಅಂಚೆ ಇಲಾಖೆಯ ಪಾಸ್‌ಪೋರ್ಟ್ ಕೇಂದ್ರವಿದೆ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ತತ್ಕಾಲ್‌ಗೆ ಅದರ ಮೇಲೆ ಇನ್ನೂ 2000. ತಡವಾಗುವುದು ಹೆಚ್ಚಾಗಿ ಪೊಲೀಸ್ ಪರಿಶೀಲನೆಯಲ್ಲಿ. ಹಾಸ್ಟೆಲ್‌ನಲ್ಲಿ ಇರುವವರು ಅರ್ಜಿಯಲ್ಲಿ ಮನೆಯ ವಿಳಾಸವನ್ನಷ್ಟೇ ಕೊಟ್ಟರೆ ಪೊಲೀಸರು ಬಂದಾಗ ಆಸಾಮಿ ಅಲ್ಲಿರುವುದಿಲ್ಲ, ಕಡತ ನಿಂತುಬಿಡುತ್ತದೆ. ಪಾಸ್‌ಪೋರ್ಟ್ ಇದ್ದವರು ಮರಳುವ ದಿನದಿಂದ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಿ.

ನೇಪಾಳಕ್ಕೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ಆದರೆ ಮೂಲಪ್ರತಿಯೇ ಬೇಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ವಿಮಾನ ನಿಲ್ದಾಣದ ಕೌಂಟರಿನಿಂದಲೇ ಹಿಂದಿರುಗುವವರಿದ್ದಾರೆ. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಅವರ ಸರ್ಕಾರಿ ಜಾಲತಾಣದಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ದಲ್ಲಾಳಿಗಳದ್ದು. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಕಳೆದ ಸಲ ಹೋಗಿಬಂದವರ ಮಾತನ್ನು ನಂಬದೆ ಆಯಾ ದೇಶದ ತಾಣದಲ್ಲೇ ನೋಡಿ.

ಆಸ್ಟ್ರೇಲಿಯಾಕ್ಕೆ ಬೇಕಾದದ್ದು 600ನೇ ಉಪವರ್ಗದ ಸಂದರ್ಶಕ ವೀಸಾ. ಅರ್ಜಿ ಆನ್‌ಲೈನ್, ಬೆರಳಚ್ಚು ಮತ್ತು ಫೋಟೋ ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ. ಅವರು ನೋಡುವುದು ಮುಖ್ಯವಾಗಿ ನೀವು ಮರಳಿ ಬರುತ್ತೀರಾ ಎಂಬುದನ್ನು. ಕೆಲಸದಲ್ಲಿರುವವರು ರಜೆ ಮಂಜೂರಾದ ಪತ್ರ, ವಿದ್ಯಾರ್ಥಿಗಳು ಕಾಲೇಜಿನ ಪತ್ರ, ಎಲ್ಲರೂ ಆರು ತಿಂಗಳ ಬ್ಯಾಂಕ್ ವಿವರ ಸೇರಿಸಿ. ಅರ್ಜಿಯ ಹಿಂದಿನ ವಾರ ಖಾತೆಗೆ ಮಾವನಿಂದ ಎರಡು ಲಕ್ಷ ಬಂದು ಬಿದ್ದಿದ್ದರೆ ಅದು ಅವರ ಕಣ್ಣಿಗೆ ಬೀಳುತ್ತದೆ. ಹಣ ಕೊಟ್ಟವರ ಪತ್ರವನ್ನೂ ಜೊತೆಗಿಡಿ. ಪಂದ್ಯದ ಟಿಕೆಟ್ ಲಗತ್ತಿಸಿದರೆ ಪ್ರಯಾಣದ ಕಾರಣ ತಾನೇ ಸ್ಪಷ್ಟವಾಗುತ್ತದೆ.

ಹದಿನೆಂಟು ತುಂಬದ ಹುಡುಗಿಯರು ಅಕಾಡೆಮಿಯ ಗುಂಪಿನೊಂದಿಗೆ ಹೊರಟಿದ್ದರೆ ತಂದೆ ತಾಯಿ ಇಬ್ಬರ ಸಹಿಯಿರುವ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಜೊತೆಗಿರಲಿ.

ಬಜಪೆಯಿಂದ ಆಚೆಗೆ

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ನೇರ ವಿದೇಶ ವಿಮಾನಗಳೆಂದರೆ ಮುಖ್ಯವಾಗಿ ಗಲ್ಫ್ ಕಡೆಗೆ. ಪೂರ್ವಕ್ಕೆ ಹೋಗುವವರು ಹೆಚ್ಚಾಗಿ ಬೆಂಗಳೂರು ಹಿಡಿಯಬೇಕು: ಅಲ್ಲಿಂದ ಬ್ಯಾಂಕಾಕ್, ಸಿಂಗಾಪುರಕ್ಕೆ ನೇರ ವಿಮಾನಗಳಿವೆ, ಸಿಡ್ನಿಗೂ 2022ರಿಂದ ಇದೆ. ಕಠ್ಮಂಡುವಿಗೆ ದೆಹಲಿ ಮೂಲಕವೂ ಹೋಗಬಹುದು. ಎರಡು ದಿನ ಕೊಡಲು ಸಿದ್ಧರಿರುವವರು ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ನಿಜಾಮುದ್ದೀನ್‌ನಲ್ಲಿ ಇಳಿದು ಅಲ್ಲಿಂದ ಹಾರಬಹುದು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ ಎಂಬುದು ನೆನಪಿರಲಿ.

ಕರಾವಳಿಯವರಿಗೆ ನಿಜವಾಗಿ ಕೈಕೊಡುವುದು ಮಳೆಗಾಲ. ಚಿಯಾಂಗ್ ಮೈಯ ಅರ್ಹತಾ ಸುತ್ತು ನಡೆದದ್ದು 2025ರ ಜೂನ್ 23ರಿಂದ ಜುಲೈ 5ರವರೆಗೆ, ಅಂದರೆ ನಮ್ಮಲ್ಲಿ ಆಟಿ ತಿಂಗಳಿಗೆ ಮುಂಚಿನ ಜಡಿಮಳೆಯ ಹೊತ್ತು. ನಮ್ಮದು ಗುಡ್ಡದ ನೆತ್ತಿಯ ರನ್‌ವೇ. ಮಂಜು ಮಳೆಯಲ್ಲಿ ದಾರಿ ಕಾಣದಿದ್ದರೆ ಬರುವ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಅದು ಬಾರದೆ ನಿಮ್ಮದು ಹೊರಡದು. ರಸ್ತೆಯಲ್ಲಿ ಹೋಗೋಣವೆಂದರೆ ಶಿರಾಡಿಯಲ್ಲಿ ಗುಡ್ಡ ಜರಿದಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದೇಶ ವಿಮಾನಕ್ಕೆ ಕನಿಷ್ಠ 24 ಗಂಟೆ ಮೊದಲೇ ಬೆಂಗಳೂರು ಸೇರಿ. ಉಡುಪಿ, ಕುಂದಾಪುರದವರು ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಬೆಂಗಳೂರು. ಘಾಟಿಯಲ್ಲಿ ಹಳಿಯ ಮೇಲೆ ಮಣ್ಣು ಬಿದ್ದರೆ ಅದೂ ರದ್ದಾಗುತ್ತದೆ, ಹಾಗಾಗಿ ಒಂದು ದಿನದ ಅಂತರ ರೈಲಿಗೂ ಬೇಕು.

ಮಂಗಳೂರು–ಬೆಂಗಳೂರು ಮತ್ತು ಬೆಂಗಳೂರು–ಬ್ಯಾಂಕಾಕ್ ಎರಡನ್ನೂ ಸಾಧ್ಯವಾದರೆ ಒಂದೇ ಬುಕಿಂಗ್‌ನಲ್ಲಿ ಮಾಡಿ. ಬೇರೆ ಬೇರೆ ತೆಗೆದರೆ ಐನೂರೋ ಸಾವಿರವೋ ರೂಪಾಯಿ ಉಳಿಯುತ್ತದೆ ನಿಜ. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಹೊಣೆಯಿಲ್ಲ, ದುಡ್ಡು ಪೂರ್ತಿ ಹೋಗುತ್ತದೆ.

ಪಂದ್ಯದ ಊರಿಗೆ ಎರಡು ದಿನ ಮೊದಲು ತಲುಪಿ. ನಾಕೌಟ್ ಪಂದ್ಯವಾದರೆ ಹೆಚ್ಚುವರಿ 30 ನಿಮಿಷ, ಪೆನಾಲ್ಟಿ, ಎಲ್ಲ ಸೇರಿ ಒಂದು ಗಂಟೆ ಜಾಸ್ತಿ ಹಿಡಿಯಬಹುದು. ಅದೇ ರಾತ್ರಿಯ ಮರುವಿಮಾನ ಬೇಡವೇ ಬೇಡ.

ದುಡ್ಡು ಕೂಡಿಸುವುದಕ್ಕೆ ನಮ್ಮೂರಿನ ಚೀಟಿಯ ಲೆಕ್ಕವೇ ಒಳ್ಳೆಯದು: ಹತ್ತು ಮಂದಿ, ತಿಂಗಳಿಗೆ ತಲಾ 5000, ಹದಿನೆಂಟು ತಿಂಗಳಿಗೆ ಒಬ್ಬೊಬ್ಬರ ಹೆಸರಲ್ಲಿ 90,000. ಲೆಕ್ಕ ಒಬ್ಬರ ಕೈಯಲ್ಲಿ, ಟಿಕೆಟ್ ಬುಕಿಂಗ್ ಇನ್ನೊಬ್ಬರ ಕೈಯಲ್ಲಿ ಇರಲಿ. ನೇಪಾಳಕ್ಕೆ 100 ರೂಪಾಯಿ ನೋಟುಗಳನ್ನು ಒಯ್ಯಿರಿ, ದೊಡ್ಡ ನೋಟು ತೆಗೆದುಕೊಳ್ಳಲು ಅಂಗಡಿಯವರು ಹಿಂಜರಿಯುತ್ತಾರೆ. ನಮ್ಮ 100ಕ್ಕೆ ಅವರ 160, ಇದು ಬದಲಾಗದ ದರ.

ಬ್ಯಾನರ್

ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಎಲ್ಲರೂ ಎಡವುವುದು ಇಲ್ಲೇ.

ತ್ರಿವರ್ಣ ಧ್ವಜದ ಮೇಲೆ ಊರಿನ ಹೆಸರು ಬರೆಯಬೇಡಿ. ಬೇರೆ ದೇಶದ ಅಭಿಮಾನಿಗಳು ಬರೆಯುತ್ತಾರೆ, ನಮ್ಮ ಧ್ವಜ ಸಂಹಿತೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಸೊಂಟದ ಕೆಳಗೆ ಸುತ್ತಿಕೊಳ್ಳುವುದು, ನೆಲಕ್ಕೆ ತಾಗಿಸುವುದೂ ತಪ್ಪು. ಧ್ವಜ 3:2ರ ಅಳತೆಯಲ್ಲಿ ಬೇರೆಯೇ ಇರಲಿ, ಬರಹಕ್ಕೆ ನೀಲಿ ಬಟ್ಟೆ ಬೇರೆ.

ಫ್ಲೆಕ್ಸ್ ಬೇಡ, ಭಾರ ಹೆಚ್ಚು, ಮಡಚಿದಲ್ಲಿ ಬಿರಿಯುತ್ತದೆ. ದಪ್ಪ ಹತ್ತಿ ಬಟ್ಟೆ 9 ಅಡಿ ಉದ್ದ, 3 ಅಡಿ ಅಗಲ ತೆಗೆದುಕೊಳ್ಳಿ; ಬಣ್ಣ ಬಳಿದ ಮೇಲೂ ಒಂದು ಕಿಲೋ ಆಗದು. ಅಂಚನ್ನು ಎರಡು ಇಂಚು ಮಡಚಿ ಹೊಲಿಸಿ, ಎರಡು ಅಡಿಗೊಂದು ಕಣ್ಣು ಹೊಡೆಸಿ. ಕಟ್ಟಲು ನೈಲಾನ್ ಹಗ್ಗ ಒಯ್ದರೆ ಗೇಟಿನಲ್ಲಿ ಕಿತ್ತುಕೊಳ್ಳಬಹುದು. ಬಟ್ಟೆಯ ಲಾಡಿಗಳನ್ನೇ ಕಣ್ಣಿಗೆ ಹೊಲಿಸಿಬಿಡಿ. ಕೇಬಲ್ ಟೈ ಹಾಕಿದರೆ ಬಿಚ್ಚಲು ಕತ್ತರಿ ಬೇಕು, ಕತ್ತರಿ ಒಳಗೆ ಬಿಡುವುದಿಲ್ಲ.

ಅಕ್ಷರ ಒಂದೂವರೆ ಅಡಿ ಎತ್ತರ. ಮೈದಾನದ ಅಗಲವೇ 68 ಮೀಟರ್, ಅದಕ್ಕಿಂತ ಸಣ್ಣದು ಎದುರುಬದಿಯ ಕ್ಯಾಮೆರಾಕ್ಕೆ ಕಾಣದು. ಕನ್ನಡದಲ್ಲಿ ಬರೆಯುವವರು ಒತ್ತಕ್ಷರದ ಲೆಕ್ಕ ಹಾಕಲೇಬೇಕು. 'ಮಂಗಳೂರು', 'ಉಡುಪಿ', 'ಕುಂದಾಪುರ' ಮೂರು ಅಡಿ ಅಗಲದಲ್ಲಿ ಆರಾಮವಾಗಿ ಕೂರುತ್ತವೆ. 'ಕುಡ್ಲ' ಎಂದು ಬರೆದರೆ ಕೆಳಗೆ ಒತ್ತಿಗೆ ಇನ್ನೂ ಅರ್ಧ ಅಡಿ ಬೇಕು. ಇಲ್ಲವಾದರೆ ಒತ್ತು ಅಂಚಿಗೆ ಬಡಿದು 'ಕುಡ' ಆಗಿಬಿಡುತ್ತದೆ. ಮೊದಲು ಸೀಮೆಸುಣ್ಣದಲ್ಲಿ ಗೆರೆ, ಆಮೇಲೆ ಬಟ್ಟೆಯ ಬಣ್ಣ ಎರಡು ಕೋಟು. ನಮ್ಮ ತೇವದ ಹವೆಯಲ್ಲಿ ನಾಲ್ಕು ದಿನ ಒಣಗಲಿ. ಹೊರಡುವ ಹಿಂದಿನ ದಿನ ಬರೆದು ಮಡಚಿದರೆ ಬಿಚ್ಚುವಾಗ ಅಕ್ಷರ ಅಕ್ಷರಕ್ಕೆ ಅಂಟಿ ಕಿತ್ತುಬರುತ್ತದೆ. ಮಡಿಕೆಗಳ ನಡುವೆ ಬಟರ್ ಪೇಪರ್ ಇಡಿ.

ಕನ್ನಡ ಓದಲು ಬಾರದ ಭದ್ರತಾ ಸಿಬ್ಬಂದಿಗೆ ಅದು ರಾಜಕೀಯ ಘೋಷಣೆಯೋ ಊರಿನ ಹೆಸರೋ ತಿಳಿಯುವುದಿಲ್ಲ. ಬ್ಯಾನರಿನ ಫೋಟೋ, ಅಳತೆ, ಇಂಗ್ಲಿಷ್ ಅರ್ಥ ಮೂರನ್ನೂ ಒಂದು ವಾರ ಮೊದಲೇ ಸಂಘಟಕರಿಗೆ ಮಿಂಚಂಚೆ ಮಾಡಿ, ಬಂದ ಉತ್ತರವನ್ನು ಮುದ್ರಿಸಿ ಒಯ್ಯಿರಿ. ಧರ್ಮ, ಪಕ್ಷ, ಅಂಗಡಿ ಜಾಹೀರಾತು ಯಾವುದೂ ಬೇಡ.

ಚೆಂಡೆ ಮತ್ತು ಚೀಲ

ಚೆಂಡೆ ಒಯ್ಯುವ ಆಸೆ ಎಲ್ಲರಿಗೂ. ನೇಪಾಳಕ್ಕಾದರೆ ಸಂಘಟಕರ ಅನುಮತಿ ಪಡೆದು ಪ್ರಯತ್ನಿಸಬಹುದು. ಆಸ್ಟ್ರೇಲಿಯಾದಲ್ಲಿ ಅದರ ಚರ್ಮವೇ ತೊಡಕು: ಪ್ರಾಣಿಯ ತೊಗಲಿನ ವಾದ್ಯವನ್ನು ಘೋಷಿಸಬೇಕು, ತಪಾಸಣೆಯಲ್ಲಿ ಹಿಡಿದಿಟ್ಟುಕೊಂಡರೆ ಪಂದ್ಯದ ಹೊತ್ತಿಗೆ ಕೈಗೆ ಸಿಗದು. ಪ್ಲಾಸ್ಟಿಕ್ ಹೊದಿಕೆಯ ಡ್ರಮ್ ಅಲ್ಲಿಯೇ ಹೊಂದಿಸಿಕೊಳ್ಳಿ. ಅದೂ ಆಗದಿದ್ದರೆ ಚಪ್ಪಾಳೆ ಸಾಕು. ಸೀಟಿ ಮಾತ್ರ ಬೇಡ, ರೆಫರಿಯ ಸೀಟಿಯೆಂದು ಆಟಗಾರ್ತಿಯರು ನಿಂತುಬಿಡಬಹುದು.

ತಿಂಡಿಯ ವಿಷಯವೂ ಹಾಗೆಯೇ. ಹಲಸಿನ ಹಪ್ಪಳ, ಕೋರಿ ರೊಟ್ಟಿ, ಮಿಡಿ ಉಪ್ಪಿನಕಾಯಿ, ಏನಿದ್ದರೂ ಆಸ್ಟ್ರೇಲಿಯಾದ ಆಗಮನ ಪತ್ರದಲ್ಲಿ ಆಹಾರವಿದೆ ಎಂದು ಬರೆಯಿರಿ. ಬರೆದದ್ದನ್ನು ಬಿಡದಿದ್ದರೆ ತಿಂಡಿ ಮಾತ್ರ ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ, ವೀಸಾಕ್ಕೂ ಕುತ್ತು. ಹಾಲಿನ ಸಿಹಿ, ತುಪ್ಪ, ಹಣ್ಣು, ಬೀಜ, ಒಣಮೀನು ಮನೆಯಲ್ಲೇ ಇರಲಿ. ಥಾಯ್ಲೆಂಡಿನಲ್ಲಿ ತರಕಾರಿ ಅಡುಗೆಗೂ ಮೀನಿನ ಸಾಸ್ ಬೀಳುತ್ತದೆ. ಸಸ್ಯಾಹಾರಿಗಳು 'ಜೇ' ಎಂಬ ಮಾತು ಕಲಿತುಕೊಳ್ಳಿ. ಹಳದಿ ಬಾವುಟದಲ್ಲಿ ಆ ಅಕ್ಷರ ಕೆಂಪಾಗಿ ಬರೆದಿರುವ ಅಂಗಡಿ ಹುಡುಕಿ.

ಔಷಧಿ ಮೂಲ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿ.

ಗ್ಯಾಲರಿಯಲ್ಲಿ

ಎಲ್ಲರ ಟಿಕೆಟನ್ನು ಒಬ್ಬರೇ ಒಂದೇ ಸಲ ತೆಗೆಯಲಿ. ಹತ್ತು ಮಂದಿ ಹತ್ತು ಕಡೆ ಕೂತರೆ ಗುಂಪು ಇದ್ದೂ ಇಲ್ಲದಂತೆ. ಬೇರೆ ಊರಿನಿಂದ ಬರುವ ಬ್ಲೂ ಪಿಲ್‌ಗ್ರಿಮ್ಸ್ ಎಂಬ ಭಾರತ ತಂಡದ ಅಭಿಮಾನಿ ಗುಂಪಿನವರನ್ನೂ ಆ ಊರಿನ ಕನ್ನಡ ಸಂಘ, ತುಳು ಕೂಟವಿದ್ದರೆ ಅವರನ್ನೂ ಮೊದಲೇ ಸಂಪರ್ಕಿಸಿ ಒಂದೇ ಬ್ಲಾಕ್ ಹಿಡಿಯಿರಿ.

ಹೆಸರು ಕರೆಯುವುದನ್ನು ಅಭ್ಯಾಸ ಮಾಡಿ. ಮಣಿಪುರದ ಆಟಗಾರ್ತಿಯರಲ್ಲಿ ಹಲವರ ಮನೆತನದ ಹೆಸರು ಮೊದಲು ಬರುತ್ತದೆ: ಙಾಂಗೋಮ್ ಬಾಲಾ ದೇವಿಯನ್ನು 'ಬಾಲಾ' ಎಂದು ಕರೆಯಬೇಕು. ನಮ್ಮ ವರ್ಣಮಾಲೆಯ ಙ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ನೋಡಿ 'ನಗಾಂಗೋಮ್' ಎನ್ನುವವರಿಗಿಂತ ನಾವು ಸರಿಯಾಗಿ ಹೇಳಬಲ್ಲೆವು. ಎರಡಕ್ಷರದ ಹೆಸರಿಗೆ ಎರಡು ಚಪ್ಪಾಳೆ, ಮೂರಕ್ಷರಕ್ಕೆ ಮೂರು. 'ಮನೀಷಾ' ಎಂದರೆ ಮೂರು.

ಮೊದಲ ಹತ್ತು ನಿಮಿಷದಲ್ಲೇ ಗಂಟಲು ಹರಿದುಕೊಳ್ಳಬೇಡಿ. ಐದೈದು ಮಂದಿಯ ಎರಡು ಪಾಳಿ ಮಾಡಿ, ಕಾರ್ನರ್, ಫ್ರೀಕಿಕ್‌ಗೆ ಎಲ್ಲರೂ ಸೇರಿ. ತಂಡಕ್ಕೆ ನಿಮ್ಮ ಸ್ವರ ನಿಜವಾಗಿ ಬೇಕಾಗುವುದು 70ನೇ ನಿಮಿಷದ ನಂತರ, ಕಾಲು ಸೋತಾಗ. ಗೋಲು ಬಿಟ್ಟುಕೊಟ್ಟ ಮರುಕ್ಷಣದಲ್ಲಿ ಇನ್ನೂ ಹೆಚ್ಚು. ಎರಡೂ ರಾಷ್ಟ್ರಗೀತೆಗೆ ನಿಂತಿರಿ. ಮೈದಾನಕ್ಕೆ ಇಳಿಯಬೇಡಿ, ದಂಡ ಫುಟ್‌ಬಾಲ್ ಫೆಡರೇಷನ್‌ಗೂ ಬೀಳಬಹುದು. ತಂಡದ ಹೋಟೆಲ್ ಯಾವುದೆಂದು ತಿಳಿದರೂ ಎಲ್ಲೂ ಹಾಕಬೇಡಿ, ಆಟಗಾರ್ತಿಯರ ಫೋಟೋ ಕೇಳದೆ ತೆಗೆಯಬೇಡಿ.

ಕೊನೆಯ ಸೀಟಿ ಆದ ಮೇಲೆ ಬಸ್ಸಿಗೆಂದು ಓಡದೆ ಕಾಲು ಗಂಟೆ ಕೂತಿರಿ. ಸೋತಿರಲಿ ಗೆದ್ದಿರಲಿ, ತಂಡ ಗ್ಯಾಲರಿಯತ್ತ ನಡೆದು ಬರುವುದುಂಟು. ಆಗ ಒಬ್ಬೊಬ್ಬರ ಹೆಸರನ್ನೂ ಕರೆಯಿರಿ, ಆಡಲು ಅವಕಾಶ ಸಿಗದೆ ಬೆಂಚಿನಲ್ಲಿ ಕೂತವರದ್ದನ್ನೂ. ಬ್ಯಾನರ್ ಬಿಚ್ಚುವುದು ಅವರು ಒಳಗೆ ಹೋದ ಮೇಲೆ.