ನೋವಿನ ಮಾತ್ರೆ ಕೊಡುವ ಮೊದಲು ನಾನು ಕೇಳುವುದು

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಫಾರ್ಮಸಿಸ್ಟ್ ಆಗಿ ಇಲ್ಲಿ ಕುಳಿತಂದಿನಿಂದ ಜನ ಅತಿ ಹೆಚ್ಚು ಕೇಳಿರುವುದು ನೋವಿನ ಮಾತ್ರೆಯನ್ನು. ಅಡಿಕೆ ಮರ ಹತ್ತುವವರು, ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವವರು, ಕೋರೆಯಲ್ಲಿ ಮುರಕಲ್ಲು ಹೊರುವವರು, ಇಡೀ ದಿನ ಕತ್ತು ಬಗ್ಗಿಸಿ ಬೀಡಿ ಕಟ್ಟುವ ಹೆಂಗಸರು: ಇವರ ಮೈ ನೋಯುವುದೂ ನಿಜ, ಮರುದಿನ ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯದು ಎಂಬುದೂ ನಿಜ. ಹಾಗಾಗಿ ನೋವಿನ ಮಾತ್ರೆಯನ್ನು ವಿಷವೆಂದು ಹೆದರಿಸಿ ಕಳುಹಿಸುವ ಕ್ರಮ ನನ್ನದಲ್ಲ. ಈ ಮಾತ್ರೆ ಅಪಾಯಕಾರಿಯಾಗುವುದು ಹೆಚ್ಚಾಗಿ ತಿನ್ನುವವರ ಹೊಟ್ಟೆಯಲ್ಲಿ ಆಗಲೇ ಇರುವ ಬೇರೆ ಮಾತ್ರೆಗಳ ಜೊತೆ ಸೇರಿದಾಗ. ಆದ್ದರಿಂದ ನಾನು ನೋವಿನ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿರುವ ಮಾತ್ರೆಗಳ ಬಗ್ಗೆ ಕೇಳುತ್ತೇನೆ.

"ಮನೆಯಲ್ಲಿರುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ" ಎನ್ನುವುದು ನನ್ನ ಮೊದಲ ಮಾತು. ಕೇರಳ–ಕರ್ನಾಟಕ ಗಡಿಯ ಊರಿನಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ನಮ್ಮವರು ಹೃದಯ ತೋರಿಸಲು ಮಂಗಳೂರಿಗೆ ಹೋಗುತ್ತಾರೆ, ಎಲುಬಿನ ಡಾಕ್ಟರಿಗಾಗಿ ಪುತ್ತೂರಿಗೋ ಕಾಸರಗೋಡಿಗೋ ಹೋಗುತ್ತಾರೆ, ರಕ್ತದೊತ್ತಡದ ಮಾತ್ರೆಯನ್ನು ಇಲ್ಲಿಯ ಕುಟುಂಬ ಆರೋಗ್ಯ ಕೇಂದ್ರದಿಂದ ತರುತ್ತಾರೆ, ಜ್ವರ ಬಂದರೆ ಹತ್ತಿರದ ಕ್ಲಿನಿಕ್ಕಿಗೆ ಓಡುತ್ತಾರೆ. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡುವುದಿಲ್ಲ. ಎಲ್ಲ ಚೀಟಿಗಳೂ ಸೇರುವ ಜಾಗ ಆ ಪ್ಲಾಸ್ಟಿಕ್ ಚೀಲ ಒಂದೇ.

ಒಬ್ಬರು ಅಜ್ಜಿಯ ಚೀಲದಲ್ಲಿ ಎರಡು ಸ್ಟ್ರಿಪ್‌ಗಳಿದ್ದವು. "ಇದು ಮೊಣಕಾಲಿಗೆ, ಇದು ಸೊಂಟಕ್ಕೆ ಮಗಳೇ" ಎಂದು ಬೇರೆ ಬೇರೆಯಾಗಿ ತೋರಿಸಿದರು. ಬಣ್ಣ ಬೇರೆ, ಕಂಪೆನಿ ಬೇರೆ, ಹೆಸರು ಬೇರೆ. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಅಸೆಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಎರಡನ್ನೂ ಬೆಳಿಗ್ಗೆ ಮತ್ತು ರಾತ್ರಿ ನುಂಗುತ್ತಿದ್ದರು. ಅಸೆಕ್ಲೋಫೆನಾಕ್ ದಿನಕ್ಕೆ 200 ಮಿಲಿಗ್ರಾಂ ಮೀರಬಾರದು. ಅವರ ದೇಹಕ್ಕೆ 400 ಹೋಗುತ್ತಿತ್ತು. ಮೊಣಕಾಲಿಗೆಂದು ತಿಂದ ಮಾತ್ರೆ ರಕ್ತದಲ್ಲಿ ಬೆರೆತು ಇಡೀ ಮೈಗೆ ಹೋಗುತ್ತದೆ, ಸೊಂಟಕ್ಕೂ ಅದೇ ಸಾಕು ಎಂದು ತಿಳಿಸಿ ಹೇಳಲು ಸಮಯ ಹಿಡಿಯಿತು. ಒಂದು ಸ್ಟ್ರಿಪ್ಪನ್ನು ನಿಲ್ಲಿಸಿ, ಬರೆದ ವೈದ್ಯರಿಗೆ ಅಂಗಡಿಯಿಂದಲೇ ಫೋನ್ ಮಾಡಿ ತಿಳಿಸಿದೆ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ಮೆಫೆನಮಿಕ್ ಆ್ಯಸಿಡ್, ಪಿರಾಕ್ಸಿಕಾಮ್, ಎಟೋರಿಕಾಕ್ಸಿಬ್ ಇವೆಲ್ಲ ಉರಿಯೂತ ಇಳಿಸುವ ನೋವುನಿವಾರಕಗಳು, ಒಂದೇ ಕುಟುಂಬದವು. ಇವುಗಳಲ್ಲಿ ಎರಡನ್ನು ಒಟ್ಟಿಗೆ ತಿಂದರೆ ನೋವು ಇಮ್ಮಡಿ ಕಡಿಮೆಯಾಗುವುದಿಲ್ಲ, ತೊಂದರೆ ಮಾತ್ರ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಆದರೆ ಅದು ನೋವಿನ ಮಾತ್ರೆಯಲ್ಲೂ ನೆಗಡಿಯ ಮಾತ್ರೆಯಲ್ಲೂ ಜ್ವರದ ಮಾತ್ರೆಯಲ್ಲೂ ಸೇರಿಕೊಂಡಿರುವುದರಿಂದ ಅದನ್ನೂ ಕೂಡಿಸಿ ಲೆಕ್ಕ ಹಾಕುತ್ತೇನೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಸಣಕಲು ದೇಹದವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಅಷ್ಟು ಸಲ್ಲದು.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮಾತ್ರೆಗಳು ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಆಂಟಿಬಯೋಟಿಕ್‌ಗೆ ಚೀಟಿ ಬೇಕೆಂದರೆ ಈಗ ಕೇರಳದಲ್ಲಿ ಜನ ಒಪ್ಪಿಕೊಳ್ಳುತ್ತಾರೆ. ನೋವಿನ ಮಾತ್ರೆಗೆ ಅದೇ ಮಾತು ಹೇಳಿದರೆ ಈಗಲೂ ಮುಖ ಬಾಡುತ್ತದೆ. ಅಂಥವರನ್ನು ಬರಿಗೈಯಲ್ಲಿ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ. ಪ್ಯಾರಾಸಿಟಮಾಲ್ ಕೊಡುತ್ತೇನೆ, ಹಚ್ಚುವ ಜೆಲ್ ಕೊಡುತ್ತೇನೆ, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಯಾರಲ್ಲಿಗೆ ಹೋಗಬೇಕೆಂದು ಹೇಳುತ್ತೇನೆ.

ಹೊಟ್ಟೆಯ ವಿಷಯದಲ್ಲಿ ನಮ್ಮವರ ನಂಬಿಕೆ ಗಟ್ಟಿ. ಮಾತ್ರೆ ತಿಂದರೆ ಗ್ಯಾಸ್ ಆಗುತ್ತದೆ, ಇಂಜೆಕ್ಷನ್ ಕೊಡಿಸಿದರೆ ಹೊಟ್ಟೆಗೆ ಏನೂ ಇಲ್ಲ ಎನ್ನುತ್ತಾರೆ. ಹಾಗಲ್ಲ. ನಮ್ಮ ದೇಹವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ನೋವು, ಊತ, ಜ್ವರ ಹುಟ್ಟಿಸುವುದೂ ಅವೇ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಅವೇ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಿಗಳು ಈ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿಕೊಟ್ಟವರು ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ಔಷಧಿ ಬಾಯಿಯಿಂದ ಹೋಗಲಿ, ಸೂಜಿಯಿಂದ ಹೋಗಲಿ, ರಕ್ತ ಸೇರಿದ ಮೇಲೆ ಜಠರದ ಕಾವಲು ತಗ್ಗುತ್ತದೆ. ಊಟದ ನಂತರ ತೆಗೆದುಕೊಂಡರೆ ಉರಿ ಕಡಿಮೆ ಎನಿಸಬಹುದು, ಹಾಗೆಯೇ ತೆಗೆದುಕೊಳ್ಳಿ ಎಂದು ನಾನೂ ಹೇಳುತ್ತೇನೆ; ಹುಣ್ಣು ಆಗುವುದನ್ನು ಊಟ ತಡೆಯುತ್ತದೆಂದು ಮಾತ್ರ ಹೇಳುವುದಿಲ್ಲ. ವಯಸ್ಸು 65 ದಾಟಿದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಸ್ಟೀರಾಯ್ಡ್ ಅಥವಾ ರಕ್ತ ತೆಳುಗೊಳಿಸುವ ಮಾತ್ರೆ ತಿನ್ನುವವರಿಗೆ ಈ ಅಪಾಯ ಹೆಚ್ಚು. ಅಂಥವರಿಗೆ ನೋವಿನ ಮಾತ್ರೆ ಅನಿವಾರ್ಯವೇ ಆದರೆ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಔಷಧಿಯನ್ನು ಜೊತೆಗೆ ಬರೆಯಬಹುದೇ ಎಂದು ವೈದ್ಯರನ್ನು ಕೇಳಲು ಹೇಳುತ್ತೇನೆ. ಅದು ಊಟಕ್ಕೆ ಅರ್ಧ ಗಂಟೆ ಮೊದಲು ಹೋಗಬೇಕು. ಉರಿ ಬಂದ ಮೇಲೆ ನುಂಗುವ ಮಾತ್ರೆಯಲ್ಲ.

ಸ್ಟೀರಾಯ್ಡ್ ಎಂದಾಗ ಒಂದು ಮಾತು. ಗಂಟುನೋವಿಗೆಂದು ಹೆಸರಿಲ್ಲದ ಪುಡಿ, ಉಂಡೆ ಮಾರುವವರು ಸಂತೆ, ಜಾತ್ರೆಗಳಲ್ಲಿ ಸಿಗುತ್ತಾರೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಹಲವು ಬಾರಿ ಪತ್ತೆಯಾಗಿದೆ. ಮುರಿವೆಣ್ಣೆಯನ್ನೋ ಧನ್ವಂತರಂ ತೈಲವನ್ನೋ ಹಚ್ಚಿ ತಿಕ್ಕಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಏನಿದೆಯೆಂದು ಬರೆದಿಲ್ಲದ್ದನ್ನು ಬಾಯಿಗೆ ಹಾಕಿಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಮಾತಾಡುವುದು ಮೂತ್ರಪಿಂಡದ ಬಗ್ಗೆ, ಏಕೆಂದರೆ ಅದು ನೋಯುವುದಿಲ್ಲ, ಹೇಳುವುದೂ ಇಲ್ಲ. ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಸಣ್ಣ ನಾಳವನ್ನು ಅಗಲವಾಗಿ ಇಡುವುದು ಅದೇ ಪ್ರೋಸ್ಟಗ್ಲಾಂಡಿನ್. ನೋವಿನ ಮಾತ್ರೆ ಅದನ್ನು ತಡೆದರೆ ಒಳಬರುವ ರಕ್ತ ತಗ್ಗುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್‌ನಂಥ ರಕ್ತದೊತ್ತಡದ ಮಾತ್ರೆಗಳು ಮೂತ್ರಪಿಂಡದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ನೀರನ್ನು ಇಳಿಸುತ್ತದೆ. ಮೂರೂ ಸೇರಿದರೆ ರಕ್ತ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಸೇರಿಸಿದ ಮಾತ್ರೆ ನಮ್ಮಲ್ಲಿ ಬಹಳ ಜನರ ಚೀಲದಲ್ಲಿದೆ. ಅಂದರೆ ಮೂರರಲ್ಲಿ ಎರಡು ಒಂದೇ ಮಾತ್ರೆಯಲ್ಲಿ ಮೊದಲೇ ಇವೆ. ಮೂರನೆಯದು ನನ್ನ ಕೈಯಿಂದ ಹೋಗಬಾರದು. ಮಾರ್ಚ್‌ನಿಂದ ಮೇ ತನಕ ಕೋರೆಯಲ್ಲಿ ಬಿಸಿಲಿಗೆ ಬೆವರುವವರಿಗೆ, ವಾಂತಿಭೇದಿ ಆಗುತ್ತಿರುವವರಿಗೆ, ರಂಜಾನ್ ಉಪವಾಸದಲ್ಲಿ ಹಗಲಿಡೀ ನೀರು ಕುಡಿಯದವರಿಗೆ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರ ಮೂತ್ರಪಿಂಡ ಮೊದಲೇ ದಣಿದಿರಬಹುದು. "ಕ್ರಿಯಾಟಿನಿನ್ ಯಾವಾಗ ನೋಡಿಸಿದ್ದೀರಿ?" ಎಂದು ಕೇಳಿ, ನೆನಪಿಲ್ಲ ಎಂದರೆ ಮೂತ್ರಪಿಂಡ ಹೇಗಿದೆಯೆಂದು ತಿಳಿಸುವ ಆ ರಕ್ತಪರೀಕ್ಷೆಯನ್ನು ಮೊದಲು ಮಾಡಿಸಿಕೊಂಡು ಬನ್ನಿ ಎನ್ನುತ್ತೇನೆ. ಮಾತ್ರೆ ತಪ್ಪದೆ ತಿಂದರೂ ರಕ್ತದೊತ್ತಡ ಇಳಿಯುತ್ತಿಲ್ಲ ಎನ್ನುವವರ ಚೀಲದಲ್ಲೂ ನಾನು ಮೊದಲು ಹುಡುಕುವುದು ನೋವಿನ ಮಾತ್ರೆಯನ್ನೇ, ಏಕೆಂದರೆ ಅದು ಒತ್ತಡವನ್ನು ಏರಿಸಬಲ್ಲದು.

ಮಳೆಗಾಲದಲ್ಲಿ ನನ್ನ ಮೊದಲ ಪ್ರಶ್ನೆ ಬದಲಾಗುತ್ತದೆ: "ಜ್ವರ ಇದೆಯೇ?" ತೋಟದ ಕೆಸರಿನಲ್ಲಿ, ತೋಡಿನ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರು ಮೈಕೈ ನೋವು ಎಂದು ಬರುತ್ತಾರೆ. ಮೀನಖಂಡ ಹಿಡಿದುಕೊಂಡಂತೆ ನೋಯುತ್ತಿದ್ದು, ಕಣ್ಣು ಕೆಂಪಾಗಿದ್ದು, ಜ್ವರವೂ ಇದ್ದರೆ ಅದು ದುಡಿಮೆಯ ನೋವಲ್ಲ, ಇಲಿಜ್ವರ ಇರಬಹುದು. ಇಲಿಜ್ವರ ಮೂತ್ರಪಿಂಡಕ್ಕೇ ಕೈ ಹಾಕುವ ರೋಗ. ಅದರ ಮೇಲೆ ಡೈಕ್ಲೋಫೆನಾಕ್ ಬಿದ್ದರೆ ಎರಡು ಕಡೆಯಿಂದ ಹೊಡೆತ. ನೋವು ಇಳಿದಿದ್ದರಿಂದ ಆಸ್ಪತ್ರೆಗೆ ಹೋಗುವುದು ಎರಡು ದಿನ ತಡವಾದರೆ ಅದು ಇನ್ನೊಂದು ನಷ್ಟ. ಡೆಂಗಿಯಲ್ಲೂ ಮೈ ಮುರಿಯುವಂತೆ ನೋಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಕಡಿಮೆಯಾಗುತ್ತಿರುವಾಗ ಉಳಿದ ಪ್ಲೇಟ್ಲೆಟ್‌ಗಳ ಕೆಲಸವನ್ನೂ ಈ ಮಾತ್ರೆಗಳು ಕೆಡಿಸುತ್ತವೆ, ರಕ್ತಸ್ರಾವದ ಭಯ ಏರುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಜ್ವರದ ಜೊತೆಗಿನ ಮೈನೋವಿಗೆ ನಾನು ಪ್ಯಾರಾಸಿಟಮಾಲ್ ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಅದೇ ದಿನ ವೈದ್ಯರನ್ನು ಕಾಣಲು ಹೇಳುತ್ತೇನೆ. ಈ ವಿಷಯದಲ್ಲಿ ಗ್ರಾಹಕರು ಎಷ್ಟು ಸಿಟ್ಟಾದರೂ ನಾನು ಸಡಿಲವಾಗುವುದಿಲ್ಲ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ದಿನವೂ 75 ಮಿಲಿಗ್ರಾಂ ಆಸ್ಪಿರಿನ್ ತಿನ್ನುತ್ತಾರೆ. ಅದಕ್ಕಿಂತ ಮೊದಲು ಐಬುಪ್ರೊಫೆನ್ ನುಂಗಿದರೆ ಪ್ಲೇಟ್ಲೆಟ್‌ನಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಐಬುಪ್ರೊಫೆನ್ ಕುಳಿತುಬಿಡುತ್ತದೆ, ಆಸ್ಪಿರಿನ್‌ನ ರಕ್ಷಣೆ ಕುಂದುತ್ತದೆ. "ಹೊಟ್ಟೆಗೆ ತೊಂದರೆ ಇಲ್ಲದ್ದು" ಎಂದು ಹೆಸರಾದ ಎಟೋರಿಕಾಕ್ಸಿಬ್ ಕೂಡ ಹೃದಯದ ಕಾಯಿಲೆ ಇರುವವರಿಗೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರಿಗೆ ಆಗದು. ಅದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು 2004ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿತ್ತು.

ಯಕ್ಷಗಾನ ಮೇಳದ ಕಲಾವಿದರೊಬ್ಬರು ತಿರುಗಾಟದ ಉದ್ದಕ್ಕೂ ಬರುತ್ತಿದ್ದರು. ರಾತ್ರಿ ದಿಗಿಣ ಹೊಡೆದ ಮೊಣಕಾಲು ಬೆಳಿಗ್ಗೆ ಮಡಚಲು ಬರುವುದಿಲ್ಲ. ನಿದ್ದೆ ಇಲ್ಲ, ಊಟಕ್ಕೆ ಹೊತ್ತುಗೊತ್ತಿಲ್ಲ, ರಕ್ತದೊತ್ತಡದ ಮಾತ್ರೆಯೂ ಇದೆ. ದಿನಕ್ಕೊಂದು ಡೈಕ್ಲೋಫೆನಾಕ್ ಅಭ್ಯಾಸವಾಗಿತ್ತು. ಅವರ ವೈದ್ಯರ ಒಪ್ಪಿಗೆಯ ಮೇಲೆ ಡೈಕ್ಲೋಫೆನಾಕ್ ಜೆಲ್‌ಗೆ ಬದಲಾಯಿಸಿದೆವು. ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧಿ ಮಾತ್ರೆಗಿಂತ ಬಹಳ ಕಡಿಮೆ, ಮೊಣಕಾಲು ಮತ್ತು ಕೈಬೆರಳಿನ ಗಂಟುಗಳಿಗೆ ಒಳ್ಳೆಯ ಫಲ ಸಿಗುತ್ತದೆ. ಹಚ್ಚಿದ ಮೇಲೆ ಬಟ್ಟೆ ಬಿಗಿಯಬಾರದು, ಶಾಖ ಕೊಡಬಾರದು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ಮಾತ್ರೆ ಪೂರ್ತಿ ನಿಂತಿಲ್ಲ. ತೀರಾ ಆಗದ ದಿನಕ್ಕೆ ಮಾತ್ರ ಉಳಿದಿದೆ. ನನಗೆ ಅಷ್ಟು ಸಾಕು.

ಇವೇ ಮಾತ್ರೆಗಳು ಬೇಕೇ ಬೇಕಾದವರೂ ಇದ್ದಾರೆ. ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆ್ಯಸಿಡ್ ನಿಜಕ್ಕೂ ಒಳ್ಳೆಯ ಮದ್ದು. ಅಲ್ಸರ್, ಅಸ್ತಮಾ ಇಲ್ಲದ ಹುಡುಗಿ ತಿಂಗಳಿಗೆ ಎರಡು ಮೂರು ದಿನ ಊಟದ ನಂತರ ತಿಂದರೆ ಹೆದರಬೇಕಾಗಿಲ್ಲ. ಆ ಮಾತ್ರೆಯ ನಂತರ ಜ್ವರ, ಮೈತುಂಬ ದದ್ದು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. 2023ರಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ಬೆಳಿಗ್ಗೆ ಎದ್ದಾಗ ಬೆನ್ನು ಹಲಗೆಯಂತೆ ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತದೆ ಎಂದ ಯುವಕನನ್ನು ಸಂಧಿವಾತದ ತಜ್ಞರ ಬಳಿಗೆ ಕಳುಹಿಸಿದೆ. ಬೆನ್ನುಮೂಳೆಯ ಗಂಟುಗಳು ಉರಿಯೂತದಿಂದ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಗೊತ್ತಾಯಿತು. ಈಗ ವೈದ್ಯರ ನಿಗಾದಲ್ಲಿ ದಿನವೂ ನ್ಯಾಪ್ರೋಕ್ಸೆನ್ ತಿನ್ನುತ್ತಾನೆ, ರಕ್ತಪರೀಕ್ಷೆ ತಪ್ಪಿಸುವುದಿಲ್ಲ. ಗರ್ಭಿಣಿಯರಿಗೆ, ಅದರಲ್ಲೂ 20 ವಾರ ಕಳೆದ ಮೇಲೆ, ವೈದ್ಯರು ಹೇಳದೆ ಈ ಕುಟುಂಬದ ಯಾವುದನ್ನೂ ಕೊಡುವುದಿಲ್ಲ. ಆಸ್ಪಿರಿನ್ ತಿಂದು ಉಬ್ಬಸ ಬಂದವರಿಗೂ ಇಲ್ಲ.

ಸ್ಟ್ರಿಪ್ ಮೇಲಿನ ಬರಹ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ; ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಎರಡೂ ದಕ್ಕುವುದಿಲ್ಲ. ಅದಕ್ಕೆ ಪ್ರತಿ ಕಾಗದದ ಲಕೋಟೆಯ ಮೇಲೂ ನಾನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಔಷಧಿಯ ಹೆಸರು, ಯಾವ ನೋವಿಗೆ, ಎಷ್ಟು ಹೊತ್ತಿಗೊಮ್ಮೆ, ಎಂದು ನಿಲ್ಲಿಸಬೇಕು, ಯಾವುದರ ಜೊತೆ ತಿನ್ನಬಾರದು. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರೂ ಅವಧಿ ಮುಗಿಯುವ ದಿನಾಂಕವೂ ನನ್ನ ಬಳಿಯೇ ಉಳಿದುಬಿಡುವುದರಿಂದ ದಿನಾಂಕವನ್ನೂ ಬರೆಯುತ್ತೇನೆ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬೇಡಿ ಎಂಬುದನ್ನು ಬಾಯಲ್ಲಿ ಹೇಳುತ್ತೇನೆ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತವೋ ಕಾಫಿಪುಡಿಯ ಬಣ್ಣವೋ ಕಂಡರೆ, ಮೂತ್ರ ಕಡಿಮೆಯಾಗಿ ಕಾಲು ಊದಿದರೆ, ಎದೆ ನೋವು ಅಥವಾ ಉಸಿರಾಟದ ತೊಂದರೆ ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಔಷಧಿಯಿಂದಾದ ತೊಂದರೆಯನ್ನು 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಗಳೂ ತಿಳಿಸಬಹುದು. ನನ್ನ ಬಳಿ ಬಂದರೆ ತೊಂದರೆ ತಿಳಿಸುವ ನಮೂನೆಯನ್ನು ನಾನೇ ತುಂಬಿಕೊಡುತ್ತೇನೆ. ಆಸ್ಪತ್ರೆಗೆ ಹೊರಡುವಾಗ ಮಾತ್ರೆಗಳ ಚೀಲವನ್ನೂ ಲಕೋಟೆಗಳನ್ನೂ ಜೊತೆಗೆ ಒಯ್ಯಿರಿ.